ಅಟ್ಟದ ಮೇಲಿನ ಹನ್ನೊಂದು ತಿಂಗಳು

ಕೇರಳದ ತ್ರಿಶೂರಿನ ಒಂದು ಎಣ್ಣೆ ಗಾಣದ ಮುಂದೆ ಕೇಳಿಸಿಕೊಂಡ ಮಾತು ಇದನ್ನೆಲ್ಲ ಬರೆಸುತ್ತಿದೆ. ನನ್ನ ಊರು ತಿಪಟೂರು ಕಡೆ ಅಂತ ಗೊತ್ತಾದ ಮೇಲೆ ಗಾಣದವರು ಕೇಳಿದ್ದು ಇಷ್ಟೇ: ನಿಮ್ಮ ಕಡೆ ಕಾಯಿ ಕೆಡವಿ ಒಂದು ವರ್ಷ ಮನೆಯೊಳಗೇ ಪೇರಿಸಿಡುತ್ತಾರಂತಲ್ಲ, ಕೊಳ್ಳುವವರು ಸಿಗುವುದಿಲ್ಲವೇ? ಕೆಣಕಬೇಕು ಅಂತ ಆಡಿದ ಮಾತಲ್ಲ. ತೆಂಗಿನ ನೆರಳಲ್ಲೇ ಹುಟ್ಟಿ ಬೆಳೆದವರು, ನಿಜಕ್ಕೂ ಅರ್ಥವಾಗದೆ ಕೇಳಿದರು. ಆದರೂ ಚುಚ್ಚಿತು. ಅಟ್ಟದ ಮೇಲಿರುವುದು ಮಾರಾಟವಾಗದೆ ಉಳಿದ ಕಾಯಿ ಎಂದಾದರೆ, ತಾತ ಜೀವಮಾನವೆಲ್ಲ ಮಾಡಿದ ಕೆಲಸಕ್ಕೆ ಏನು ಹೆಸರು?

ತಾತನ ಬಗ್ಗೆ ಬರೆಯುವುದಕ್ಕೆ ಕೂತರೆ ಅಟ್ಟದ ಬಗ್ಗೆಯೇ ಬರೆಯಬೇಕಾಗುತ್ತದೆ. ಅವರ ಪ್ರೀತಿ, ಸಿಟ್ಟು, ಲೆಕ್ಕಾಚಾರ ಎಲ್ಲ ಅಲ್ಲೇ ಇತ್ತು. ಗಿಟುಕು ಕೊಬ್ಬರಿ, ಅಂದರೆ ಒಡೆಯದೆ ಇಡೀ ಉಂಡೆಯಾಗಿ ಒಣಗಿದ ಕೊಬ್ಬರಿ, ಮಾಡುವುದರಲ್ಲಿ ಅವರನ್ನು ಮೀರಿಸುವವರು ಸುತ್ತಿನ ಹಳ್ಳಿಗಳಲ್ಲಿ ಇರಲಿಲ್ಲ ಎಂಬುದು ಮೊಮ್ಮಕ್ಕಳ ನಂಬಿಕೆ. ಅದು ಬರೀ ನಂಬಿಕೆಯಲ್ಲ ಅಂತ ಅವರು ಮಾಡುತ್ತಿದ್ದ ಕ್ರಮ ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಮೊದಲು ಇಲ್ಲಿಯ, ಅಂದರೆ ನಾನೀಗ ಕೂತಿರುವ ಕಡೆಯ, ಪದ್ಧತಿ. ಕೇರಳದಲ್ಲಿ ಸುಮಾರು 45 ದಿನಕ್ಕೊಮ್ಮೆ ಮರ ಹತ್ತುತ್ತಾರೆ. ಕೆಡವಿದ ಕಾಯಿಯನ್ನು ಸುಲಿದು, ಮಚ್ಚಿನ ಒಂದೇ ಏಟಿಗೆ ಎರಡು ಹೋಳು ಮಾಡಿ, ನೀರು ಬಗ್ಗಿಸಿ, ಬಾಯಿ ಮೇಲೆ ಮಾಡಿ ಅಂಗಳದಲ್ಲಿ ಹರಡುತ್ತಾರೆ. ಎರಡು ದಿನದ ಬಿಸಿಲಿಗೆ ತಿರುಳು ಚಿಪ್ಪಿನಿಂದ ಬಿಡುತ್ತದೆ. ಬಿಡಿಸಿ ಮತ್ತೆ ಒಣಗಿಸಿದರೆ ವಾರದೊಳಗೆ ಕೊಬ್ಬರಿ. ಮಳೆಗಾಲವಾದರೆ ಹೊಗೆಗೂಡು, ಈಚೆಗೆ ಬಿಸಿಗಾಳಿಯ ಡ್ರೈಯರ್. ತೇವ ಶೇ. 6ಕ್ಕೆ ಇಳಿದರೆ ಗಾಣಕ್ಕೆ ಹೋಗುತ್ತದೆ, 100 ಕೆ.ಜಿ. ಕೊಬ್ಬರಿಗೆ 60ರಿಂದ 65 ಕೆ.ಜಿ. ಎಣ್ಣೆ. ಇಲ್ಲಿ ಕೊಬ್ಬರಿ ಅಂದರೆ ಎಣ್ಣೆಯ ಹಿಂದಿನ ಒಂದು ಹಂತ, ಅಷ್ಟೇ. ಅದನ್ನು ಮಡಿಲಿಗೆ ತುಂಬುವುದಿಲ್ಲ, ಎಳ್ಳಿಗೆ ಬೆರೆಸುವುದಿಲ್ಲ, ಒಂದು ಇಡೀ ಗಿಟುಕನ್ನು ಕೈಯಲ್ಲಿ ಹಿಡಿದು ಯಾರ ಮನೆಗೂ ಹೋಗುವುದಿಲ್ಲ.

ನಮ್ಮ ಕಡೆಯದು ಒಡೆಯದ ಕೊಬ್ಬರಿ. ಮಟ್ಟೆಯೊಳಗೆ, ಚಿಪ್ಪಿನೊಳಗೆ, ಕಾಯಿ ತನ್ನ ನೀರನ್ನು ತಾನೇ ಆರಿಸಿಕೊಂಡು ಉಂಡೆಯಾಗಬೇಕು. ಬಲಿತ ಕಾಯಿಯ ತಿರುಳಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನೀರೇ ಇರುತ್ತದೆ, ಹೊಟ್ಟೆಯಲ್ಲಿ ಇನ್ನೂ ಒಂದು ಲೋಟ. ಇದೆಲ್ಲ ಕಾಯಿಯ ಮೆತ್ತನೆ ಕಣ್ಣಿನಿಂದ, ಚಿಪ್ಪಿನಿಂದ, ಮಟ್ಟೆಯ ನಾರಿನಿಂದ ಆವಿಯಾಗಿ ಹೋಗಬೇಕು. ಆತುರ ಮಾಡಿದರೆ ತಿರುಳು ಕೆಡುತ್ತದೆ, ತಡೆದರೆ ಮೊಳೆಯುತ್ತದೆ. ಈ ಎರಡರ ನಡುವಿನ ದಾರಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು.

ತಾತನ ಕೆಲಸ ಶುರುವಾಗುತ್ತಿದ್ದುದು ಮರದ ಬುಡದಲ್ಲಿ. ತೆಂಗು ತಿಂಗಳಿಗೊಂದು ಗರಿ ಬಿಡುತ್ತದೆ, ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಹೀಗಾಗಿ ಒಳ್ಳೆಯ ಮರದಲ್ಲಿ ಯಾವತ್ತು ತಲೆಯೆತ್ತಿದರೂ ತಿಂಗಳಿನದರಿಂದ ವರ್ಷದವರೆಗಿನ ಗೊನೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅಟ್ಟಕ್ಕೆ ಬೇಕಾದ್ದು ಎಲ್ಲಕ್ಕಿಂತ ಕೆಳಗಿನದು, ಹನ್ನೆರಡು ತಿಂಗಳು ತುಂಬಿದ್ದು. ಹತ್ತು ತಿಂಗಳ ಗೊನೆಯೂ ನೋಡುವುದಕ್ಕೆ ಹಾಗೇ ಇರುತ್ತದೆ, ಒಡೆದರೆ ತಿರುಳೂ ದಪ್ಪವಾಗೇ ಕಾಣುತ್ತದೆ, ಅಡುಗೆಗಂತೂ ಏನೂ ಕೊರತೆಯಿಲ್ಲ. ಆದರೆ ಅದರಲ್ಲಿ ಎಣ್ಣೆ ಇನ್ನೂ ಕೂಡಿರುವುದಿಲ್ಲ. ಅಟ್ಟಕ್ಕೆ ಹಾಕಿದರೆ ಒಂದು ವರ್ಷ ಕಾದು ಕೈಗೆ ಬರುವುದು ಸುಕ್ಕುಗಟ್ಟಿ ರಬ್ಬರಿನ ಹಾಗೆ ಬಾಗುವ ಚಕ್ಕಳ. ತಾತ ಗೊನೆಯ ಬಣ್ಣ ನೋಡುತ್ತಿದ್ದರು. ಹಸಿರು ಪೂರ್ತಿ ಹೋಗಿ ಮೈ ಕಂದಿರಬೇಕು, ತೊಟ್ಟಿನ ಬಟ್ಟಲ ಸುತ್ತ ಹಸಿರಿನ ಒಂದು ಗೆರೆಯೂ ಇರಕೂಡದು. ಬೆಲೆ ಏರಿದ ವರ್ಷ ಎಲ್ಲರ ಕೈಯೂ ಆ ಹತ್ತು ತಿಂಗಳ ಗೊನೆಗೇ ಹೋಗುತ್ತದೆ. ಅವರ ದೋಟಿ ಮಾತ್ರ ಎಲ್ಲಕ್ಕಿಂತ ಕೆಳಗಿನ ಗೊನೆಯನ್ನು ದಾಟಿ ಮೇಲೆ ಹೋಗುತ್ತಿರಲಿಲ್ಲ.

ಕೀಳಿಸುವುದಕ್ಕೆ ಮುಂಚೆ ಮರದ ಬುಡ ಉತ್ತು ಸಡಿಲ ಮಾಡಿಸುತ್ತಿದ್ದರು, ಇಲ್ಲವೇ ಒಣ ಸೋಗೆ ಹಾಸಿಸುತ್ತಿದ್ದರು. ಗಟ್ಟಿ ನೆಲಕ್ಕೆ ಬಿದ್ದ ಕಾಯಿಯ ಮಟ್ಟೆ ಒಡೆಯುವುದಿಲ್ಲ, ಒಳಗಿನ ಚಿಪ್ಪು ಕೂದಲೆಳೆಯಷ್ಟು ಬಿರಿಯುತ್ತದೆ. ಹೊರಗಿನಿಂದ ಏನೂ ತಿಳಿಯುವುದಿಲ್ಲ. ಆ ಬಿರುಕಿನಿಂದ ನೀರು ಮಟ್ಟೆಗೆ ಜಿನುಗುತ್ತದೆ, ಗಾಳಿ ಒಳಗೆ ಹೋಗುತ್ತದೆ, ಎರಡು ತಿಂಗಳಲ್ಲಿ ಒಳಗೆಲ್ಲ ಕೊಳೆ. ಒಂದು ಕೊಳೆತ ಕಾಯಿ ಅಕ್ಕಪಕ್ಕದ ನಾಲ್ಕರ ಮಟ್ಟೆಯನ್ನು ತೇವ ಮಾಡುತ್ತದೆ. ಅದಕ್ಕೇ ಪ್ರತಿ ಕಾಯಿಯನ್ನೂ ಇನ್ನೊಂದಕ್ಕೆ ತಾಕಿಸಿ ನೋಡುತ್ತಿದ್ದರು. ಗಟ್ಟಿ ಕಾಯಿ ತಿರುಗಿ ಸದ್ದು ಕೊಡುತ್ತದೆ, ಬಿರಿದದ್ದು ಬೊದ್ದು ಅನ್ನುತ್ತದೆ. ಬೊದ್ದು ಅಂದದ್ದು ಅವತ್ತೇ ಅಡುಗೆಮನೆಗೆ ಇಲ್ಲವೇ ಸಂತೆಗೆ. ಇಲಿ ಕೊರೆದದ್ದು, ನುಸಿ ಹಿಡಿದು ಮುರುಟಿದ್ದು ಕೂಡ ಅದೇ ರಾಶಿಗೆ. ತೆಂಗಿನ ಈ ನುಸಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ, ಇದೇ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಬಲುಬೇಗ ನಮ್ಮ ತೋಟಗಳಿಗೂ ಬಂತು. ನುಸಿ ತಿಂದ ಕಾಯಿಯ ಮಟ್ಟೆ ಚಿಪ್ಪಿಗೆ ಅಂಟಿ ಬಿಗಿದುಕೊಳ್ಳುತ್ತದೆ, ಸುಲಿಯುವವರ ಕೈ ಸೋಲುತ್ತದೆ, ಒಳಗಿನ ಉಂಡೆ ನಿಂಬೆಹಣ್ಣಿಗಿಂತ ಒಂದು ಸುತ್ತು ದೊಡ್ಡದು.

ಆಮೇಲೆ ಅಟ್ಟ. ಹಳೆಯ ಮನೆಯಲ್ಲಿ ಅದು ಅಡುಗೆಮನೆಯ ಮೇಲೇ ಇತ್ತು, ನೆಲದಿಂದ ಏಳೆಂಟು ಅಡಿ ಎತ್ತರ. ಹಲಗೆಯಿಂದ ಮುಚ್ಚಿದ ಅಟ್ಟವಲ್ಲ, ಅಡಕೆ ದಬ್ಬೆಗಳನ್ನು ಎರಡು ಬೆರಳು ಸಂದು ಬಿಟ್ಟು ಜೋಡಿಸಿದ್ದು. ಆ ಸಂದಿನಿಂದ ಕೆಳಗಿನ ಬಿಸಿಯೂ ತೆಳು ಹೊಗೆಯೂ ಮೇಲೆ ಬಂದು ಕಾಯಿಗಳ ನಡುವೆ ಹಾದು ಹೆಂಚಿನ ಕಂಡಿಯಿಂದ ಆಚೆ ಹೋಗಬೇಕು. ಗಾಳಿ ನಿಂತರೆ ಕೆಲಸ ಕೆಟ್ಟಿತು. ಇದಕ್ಕೇ ತಾರಸಿ ಮನೆಯ ಕೋಣೆಯಲ್ಲಿ ಗೋಡೆಗೆ ಒತ್ತಿ ರಾಶಿ ಹಾಕಿದವರ ಕಾಯಿ ಬೆವರುವುದು, ಬೂಷ್ಟು ಹಿಡಿಯುವುದು. ಈಗ ಹೊಲದ ಅಂಚಿನಲ್ಲಿ ಜಿಂಕ್ ಶೀಟಿನ ಕೊಬ್ಬರಿ ಮನೆಗಳು ಎದ್ದಿವೆ. ಶೀಟು ಬೇಗ ಕಾಯುತ್ತದೆ, ಒಣಗುವ ಕಾಲದಲ್ಲಿ ಒಂದೆರಡು ತಿಂಗಳು ಉಳಿತಾಯವಾಗುತ್ತದೆ. ಆದರೆ ಗೋಡೆಯಲ್ಲಿ ಜಾಲಂಧ್ರ ಬಿಡದಿದ್ದರೆ ಹಗಲು ಕಾದ ಆವಿ ರಾತ್ರಿ ತಣಿದು ಹನಿಯಾಗಿ ಕಾಯಿಯ ಮೇಲೇ ಬೀಳುತ್ತದೆ.

ರಾಶಿ ಮೂರು ಅಡಿಗಿಂತ ಎತ್ತರ ಹೋಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಅಡಿಯದು ಮೇಲೆ, ಮೇಲಿನದು ಅಡಿಗೆ. ಒಂದು ಕೊಯ್ಲಿನ ಕಾಯಿಗೆ ಇನ್ನೊಂದು ಕೊಯ್ಲಿನದು ಸೇರಕೂಡದು. ತಾತ ಬಿದಿರ ತಡಿಕೆ ಅಡ್ಡ ಇಟ್ಟು ಖಾನೆ ಮಾಡಿದ್ದರು, ಪ್ರತಿ ಖಾನೆಯ ಮೇಲಿನ ತೊಲೆಯಲ್ಲಿ ಸುಣ್ಣದಿಂದ ತಿಂಗಳು ಬರೆಯುತ್ತಿದ್ದರು: ಮಾಘ, ಚೈತ್ರ, ಜ್ಯೇಷ್ಠ. ಅದು ಶಿಸ್ತಿಗಾಗಿ ಬರೆದದ್ದಲ್ಲ. ಮಾಘದಲ್ಲಿ ಹತ್ತಿಸಿದ ಕಾಯಿಗೆ ಮೊದಲು ಸಿಗುವುದು ನಾಲ್ಕು ತಿಂಗಳ ಒಣ ಬಿಸಿಲು, ಅದು ಒಂಬತ್ತು ಹತ್ತು ತಿಂಗಳಿಗೇ ಆಗುತ್ತದೆ. ಜ್ಯೇಷ್ಠದ ಕಾಯಿ ಹತ್ತಿದ ಕೂಡಲೇ ಮಳೆಗಾಲದ ತೇವಕ್ಕೆ ಸಿಗುತ್ತದೆ, ಅದಕ್ಕೆ ಹನ್ನೊಂದು, ಕೆಲವು ಸಲ ಹನ್ನೆರಡು. ಒಂದೇ ಅಟ್ಟ, ಒಂದೇ ಮರದ ಕಾಯಿ, ಲೆಕ್ಕ ಮಾತ್ರ ಬೇರೆ.

ರೋಹಿಣಿ ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು ಅವರ ಇನ್ನೊಂದು ಹಟ. ಒಂದು ಒಡಕು ಹೆಂಚಿನಿಂದ ಒಂದೇ ಜಾಗಕ್ಕೆ ದಿನವೂ ತೊಟ್ಟಿಕ್ಕಿದರೆ ಸಾಕು, ಆ ಕಾಯಿ ತನ್ನನ್ನು ನೆಲಕ್ಕೆ ಬಿತ್ತಿದ್ದಾರೆ ಅಂದುಕೊಂಡು ಮೊಳೆಯುತ್ತದೆ. ಮೊಳಕೆ ಆಚೆ ಕಾಣುವುದಕ್ಕಿಂತ ಎಷ್ಟೋ ಮೊದಲೇ ಒಳಗೆ ಮೆತ್ತನೆಯ ಹೂವಿನಂಥ ಗೆಡ್ಡೆ ಬೆಳೆದು ತಿರುಳನ್ನು ಕರಗಿಸಿ ಹೀರಿರುತ್ತದೆ. ಕೇರಳದಲ್ಲಿ ಅದನ್ನು ಪೊಂಗು ಅಂತ ಆಸೆಯಿಂದ ತಿನ್ನುತ್ತಾರೆ, ಸಿಹಿಯಾಗಿಯೂ ಇರುತ್ತದೆ. ಅಟ್ಟದ ಲೆಕ್ಕದಲ್ಲಿ ಅದು ಹೋದ ಗಿಟುಕು.

ಬೆಂಕಿಯ ವಿಷಯದಲ್ಲೂ ಅಷ್ಟೇ. ಮೂರು ಹೊತ್ತಿನ ಅಡುಗೆಯ ಹೊಗೆ ಇಲಿ, ಹುಳು ದೂರವಿಡುವುದಕ್ಕೂ ಮಳೆಗಾಲದ ತೇವ ತಡೆಯುವುದಕ್ಕೂ ಸಾಕು. ಬೇಗ ಒಣಗಲಿ ಅಂತ ಕೆಳಗೆ ಮಟ್ಟೆ ರಾಶಿ ಹಾಕಿ ಬೆಂಕಿ ಕೊಡುವವರೂ ಇದ್ದಾರೆ. ಹಾಗೆ ಮಾಡಿದರೆ ತಿರುಳಿನ ಎಣ್ಣೆ ಮೈಗೆ ಬರುತ್ತದೆ, ಒಳಗಿನ ಬಿಳುಪು ಹಳದಿಗೆ ತಿರುಗುತ್ತದೆ, ಮೂಟೆ ಕಟ್ಟಿ ತಿಂಗಳಾಗುವುದರೊಳಗೆ ಕೌಟು ವಾಸನೆ.

ಈಗ ಕಿವಿಯ ಮಾತು. ಮೊಮ್ಮಕ್ಕಳನ್ನು ಅಟ್ಟ ಹತ್ತಿಸಿಕೊಂಡು ತಾತ ಕಲಿಸಿದ ವಿದ್ಯೆ ಇದೊಂದೇ, ಇದಕ್ಕೆ ಪುಸ್ತಕ ಇಲ್ಲ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಪಕ್ಕ ತಂದು, ಒಂದೇ ಸಲ ಕುಲುಕಬೇಕು. ಹೊಸ ಕಾಯಿ ಗುಳಕ್ ಅನ್ನುತ್ತದೆ, ಬಿಗಿಯಾದ ಚಿಕ್ಕ ಸದ್ದು, ಹೊಟ್ಟೆ ತುಂಬ ನೀರಿರುವುದರಿಂದ. ನಾಲ್ಕೈದು ತಿಂಗಳಿಗೆ ನೀರು ಇಳಿದು ಅದಕ್ಕೆ ಓಡಾಡುವ ಜಾಗ ಸಿಗುತ್ತದೆ, ಆಗ ಗುಳುಗುಳು ಅಂತ ದೊಡ್ಡ ಸದ್ದು. ಎಂಟು ತಿಂಗಳು ದಾಟಿದ ಮೇಲೆ ಒಂದು ದಿನ ಕಾಯಿ ಮೌನವಾಗುತ್ತದೆ. ನೀರು ಮುಗಿದಿದೆ. ಮೋಸ ಹೋಗುವುದು ಇಲ್ಲೇ. ನೀರು ಮುಗಿಯಿತು ಅಂತ ಇಳಿಸಿ ಸುಲಿದು ಚಿಪ್ಪಿಗೆ ಏಟು ಹಾಕಿದರೆ, ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡೇ ಇರುತ್ತದೆ. ಚಿಪ್ಪಿನ ಜೊತೆ ಗಿಟುಕೂ ಒಡೆದು ಹೋಳಾಗುತ್ತದೆ. ಒಡೆಯದೆ ಬಂದರೂ ಒಳಗೆ ತೇವ, ಮೂಟೆಯಲ್ಲಿ ಕಪ್ಪಾಗುತ್ತದೆ. ಮೌನದ ತಿಂಗಳುಗಳಲ್ಲಿ ತಿರುಳು ಕುಗ್ಗುತ್ತಾ ಚಿಪ್ಪಿನಿಂದ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿರುತ್ತದೆ. ಪೂರ್ತಿ ಬಿಟ್ಟ ದಿನ ಕುಲುಕಿದರೆ ಗಡಗಡ, ಮರದ ಪೆಟ್ಟಿಗೆಯಲ್ಲಿ ಮರದ ಚೆಂಡು ಉರುಳಿದ ಹಾಗೆ. ಆ ಸದ್ದು ಬಂದದ್ದೇ ಅಟ್ಟದಿಂದ ಇಳಿಯಬೇಕು. ಕೊಳೆತ ಕಾಯಿಯೂ ಮೌನವಾಗೇ ಇರುತ್ತದೆ. ಎರಡು ಮೌನಗಳನ್ನು ಕೈಯ ತೂಕದಲ್ಲಿ ಗುರುತು ಹಿಡಿಯಬೇಕು: ಒಣಗುತ್ತಿರುವುದು ದಿನೇದಿನೇ ಹಗುರಾಗುತ್ತದೆ, ಕೊಳೆತದ್ದು ಕೈಗೆ ಜಡವಾಗಿ ಸಿಗುತ್ತದೆ. ತಾತನಿಗೆ ಕಣ್ಣಿನ ಪೊರೆ ಬಂದಮೇಲೂ ಇದರಲ್ಲಿ ತಪ್ಪಿದ್ದು ಕಾಣೆ.

ಸುಲಿದ ಮೇಲೆ ಚಿಪ್ಪು ತೆಗೆಯುವುದು ಹೆಂಗಸರ ಕೆಲಸ, ಮಚ್ಚಿನ ಬೆನ್ನಿನಿಂದ ನಡು ಸುತ್ತ ನಾಲ್ಕೈದು ಕಡೆ ಮೆಲ್ಲಗೆ ತಟ್ಟಿ ಚಿಪ್ಪನ್ನು ಮಾತ್ರ ಒಡೆಯುವುದು. ಗಿಟುಕನ್ನು ಒಂದು ದಿನ ಎಳೆಬಿಸಿಲಿಗೆ ತೋರಿಸಿ, ಹೋಳು, ಕೌಟು, ಸುಕ್ಕು ಬೇರೆ ಮಾಡಿ ಮೂಟೆ. 1000 ಕಾಯಿಗೆ ಒಂದೂಕಾಲು ಕ್ವಿಂಟಲ್ ಬಂದರೆ ಚೆನ್ನ, ಒಂದೂವರೆ ಬಂದರೆ ಬಹಳ ಚೆನ್ನ. ಚಿಪ್ಪು ಇದ್ದಿಲಿಗೆ, ಮಟ್ಟೆ ನಾರಿನ ಕಾರ್ಖಾನೆಗೆ. ಗಿಟುಕು ತಿಪಟೂರು ಮಾರುಕಟ್ಟೆಯ ರವಾನೆದಾರರ ಮೂಲಕ ಉತ್ತರಕ್ಕೆ ಹೋಗುತ್ತದೆ, ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶ. ಅಲ್ಲಿ ಅದರ ಹೆಸರು ಗೋಲಾ. ದ್ರಾಕ್ಷಿ, ಗೋಡಂಬಿಯ ಪಕ್ಕ ಕೂರುತ್ತದೆ, ಹಬ್ಬಕ್ಕೆ ಅಕ್ಕತಂಗಿಯರು ಅಣ್ಣತಮ್ಮಂದಿರ ಕೈಗೆ ಕೊಡುತ್ತಾರೆ. ನಮ್ಮ ಕಡೆ ಮಡಿಲಕ್ಕಿಗೆ ಇಟ್ಟದ್ದೇ ಅಲ್ಲಿ ಮಂಗಳದ್ರವ್ಯವಾಗಿ ನಿಲ್ಲುವುದು ತಾತನಿಗೆ ಬಲು ಹೆಮ್ಮೆಯ ವಿಷಯವಾಗಿತ್ತು. ಮುಖ ನೋಡದ ಯಾರದೋ ಮನೆಯ ಹಬ್ಬಕ್ಕೆ ಸುಕ್ಕಿನ ಗಿಟುಕು ಹೋಗಬಾರದು ಅಂತ ಬೇರೆ ಮಾಡಿ ಇಡುತ್ತಿದ್ದರು.

ಗಾಣದವರ ಪ್ರಶ್ನೆಗೆ ಉತ್ತರ ಇಷ್ಟು ಉದ್ದ. ಕೊಳ್ಳುವವರಿಲ್ಲದೆ ಇಟ್ಟದ್ದಲ್ಲ. ಹಸಿ ಕಾಯಿ ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಾರೆ, ಅವರನ್ನು ವರ್ಷವಿಡೀ ವಾಪಸ್ ಕಳಿಸಿ ಇಟ್ಟದ್ದು. ಕೇರಳದವರಿಗೆ ತೆಂಗು ಗೊತ್ತು, ನಮಗಿಂತ ಹತ್ತು ಪಟ್ಟು ಬಗೆಯಲ್ಲಿ ಬಳಸುವುದೂ ಗೊತ್ತು. ಆದರೆ ಇಲ್ಲಿ ಕಾಯಿ ಕೈಗೆ ಬಂದ ಕ್ಷಣದಿಂದ ಎಲ್ಲರೂ ಅದನ್ನು ಇನ್ನೊಂದು ಮಾಡುವ ಅವಸರದಲ್ಲಿರುತ್ತಾರೆ. ತಾತ ಅದನ್ನು ಅದರ ಪಾಡಿಗೆ ಬಿಟ್ಟು ಬರೀ ಕಾವಲು ಕಾಯುತ್ತಿದ್ದರು. ಎರಡರಲ್ಲಿ ಯಾವುದು ದೊಡ್ಡ ವಿದ್ಯೆ ಅಂತ ಕೇಳಿದರೆ, ತ್ರಿಶೂರಿನಲ್ಲೇ ಕೂತು ಹೇಳುತ್ತೇನೆ, ತಾತನದೇ.

ಬೇಸರ ಬರುವುದು ಊರಿನ ಮೇಲೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾವ ಕಡೆ ಹೋದರೂ ತೋಟದ ಬಾಯಲ್ಲಿ ಎಳನೀರಿನ ಟೆಂಪೋ ನಿಂತಿರುತ್ತದೆ. ಏಳು ತಿಂಗಳ ಗೊನೆ ಇಳಿಯುತ್ತದೆ, ದುಡ್ಡು ಅಲ್ಲೇ ಎಣಿಕೆಯಾಗುತ್ತದೆ, ಅಟ್ಟ ಖಾಲಿ ಬೀಳುತ್ತದೆ. ಹೊಸ ಮನೆಗೆ ಅಟ್ಟವೇ ಇರುವುದಿಲ್ಲ. ಕುಲುಕಿ ನೋಡುವ ಕಿವಿ ಇನ್ನೊಂದು ತಲೆಮಾರಿಗೆ ದಾಟುವುದಕ್ಕೆ ಕಾಯಿಯಾದರೂ ಮನೆಯಲ್ಲಿ ಇರಬೇಕಲ್ಲ. ಗಿಡ್ಡ ತಳಿ ಹಾಕಿ, ನಾಲ್ಕೇ ವರ್ಷಕ್ಕೆ ಕೈಗೆಟುಕುತ್ತದೆ ಅಂತ ಸಂತೋಷಪಡುವವರಿಗೆ, ಆ ಕಾಯಿಯ ತೆಳು ತಿರುಳಿಂದ ಅಟ್ಟದ ಮೇಲೆ ಒಳ್ಳೆಯ ಗಿಟುಕು ಆಗುವುದಿಲ್ಲ ಎಂಬುದನ್ನು ಯಾರೂ ಹೇಳುತ್ತಿಲ್ಲ. ನಮ್ಮ ಎತ್ತರದ ನಾಟಿ ಮರ ಫಸಲಿಗೆ ಬರಲು ಏಳೆಂಟು ವರ್ಷ ಬೇಕು, ನಿಜ, ಆದರೆ ಗಿಟುಕಿಗೆ ಬೇಕಾದ ದಪ್ಪ ತಿರುಳು ಅದರಲ್ಲೇ ಇರುವುದು.

ಊರಿನವರನ್ನು ಮಾತ್ರ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ ಘೋಷಿಸುವ ಬೆಂಬಲ ಬೆಲೆ ನೋಡಿ. 2023ರ ಹಂಗಾಮಿಗೆ ಗಾಣದ ಕೊಬ್ಬರಿಗೆ ಕ್ವಿಂಟಲಿಗೆ 10,860 ರೂಪಾಯಿ, ಉಂಡೆ ಕೊಬ್ಬರಿಗೆ, ಅಂದರೆ ಗಿಟುಕಿಗೆ, 11,750. ಅಂತರ 890. 2024ರಲ್ಲಿ 11,160 ಮತ್ತು 12,000, ಅಂತರ 840. 2025ರಲ್ಲಿ 11,582 ಮತ್ತು 12,100, ಅಂತರ 518. ವಾರದಲ್ಲಿ ಒಣಗುವ ಕೊಬ್ಬರಿಗೂ ವರ್ಷ ಕಾಯುವ ಕೊಬ್ಬರಿಗೂ ನಡುವೆ ಆ ವರ್ಷ ಉಳಿದದ್ದು 518 ರೂಪಾಯಿ. ಹೆಂಚು ಕೈಯಾಡಿಸಿದ್ದು, ರಾಶಿ ತಿರುವಿದ್ದು, ಕೊಳೆತು ಹೋದದ್ದು, ಹನ್ನೊಂದು ತಿಂಗಳು ಕಟ್ಟಿಹಾಕಿದ ದುಡ್ಡಿನ ಬಡ್ಡಿ, ಎಲ್ಲ ಇದರಲ್ಲೇ ಬರಬೇಕಿತ್ತು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಬಿದ್ದಾಗ ಅಟ್ಟ ತುಂಬಿಟ್ಟವರೇ ಹೆಚ್ಚು ಕಳೆದುಕೊಂಡರು. 2025ರಲ್ಲಿ 20,000 ದಾಟಿದಾಗ ಎಷ್ಟೋ ಅಟ್ಟಗಳಲ್ಲಿ ಇಳಿಸಲು ಕಾಯಿ ಇರಲಿಲ್ಲ. ಇಂದಿನ ಕಾಯಿಗೆ ಮುಂದಿನ ವರ್ಷದ ಬೆಲೆ ಏನು ಅಂತ ಗೊತ್ತಿಲ್ಲದೆ ಅಟ್ಟ ಹತ್ತಿಸುವುದು ದೊಡ್ಡ ಧೈರ್ಯವೇ. ಮಗಳ ಕಾಲೇಜು ಫೀಸಿಗೆ ಎಳನೀರು ಇಳಿಸಿದವರನ್ನು ಅವಸರದವರು ಅನ್ನುವುದಕ್ಕೆ ನಾಲಿಗೆ ಬರುವುದಿಲ್ಲ. ತಾತನಿಗೂ ದುಡ್ಡಿನ ಅಡಚಣೆಯ ವರ್ಷಗಳಿದ್ದವು. ಅಟ್ಟದ ಕಾಯಿಯ ಮೇಲೆ ಮಂಡಿಯಲ್ಲಿ ಮುಂಗಡ ತಂದು, ಕಡೆಗೆ ಮಂಡಿಯವರು ಹೇಳಿದ ದರಕ್ಕೇ ತೂಗಿಸಿದ್ದೂ ಇದೆ. ಅದನ್ನು ತಾತ ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ.

ಇನ್ನು ಒಪ್ಪಿಕೊಳ್ಳಬೇಕಾದ್ದು ಕೆಲವಿವೆ. ತಾತನ ಅಟ್ಟವನ್ನು ಹಾಗೇ ಎತ್ತಿ ತ್ರಿಶೂರಿನಲ್ಲಿ ಇಟ್ಟರೆ ಅರ್ಧ ಕಾಯಿ ಮೊಳೆತು ಉಳಿದರ್ಧ ಬೂಷ್ಟು ಹಿಡಿಯುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ತಿಪಟೂರಿನಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ನಮ್ಮ ಕಡೆಯ ಒಣ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಇಲ್ಲಿಯವರು ವಾರದೊಳಗೆ ಕಾಯಿ ಒಡೆದು ಒಣಗಿಸುವುದು ಅವಸರದಿಂದಲ್ಲ, ಇಟ್ಟರೆ ಉಳಿಯುವುದಿಲ್ಲ ಎಂಬ ತಿಳಿವಳಿಕೆಯಿಂದ. ಅಷ್ಟು ತೇವದ ನಾಡಿನಲ್ಲೂ ಕೋಳಿಕ್ಕೋಡು ಜಿಲ್ಲೆಯ ವಡಗರ ಕಡೆ ಹೊಗೆಯ ಅಟ್ಟದಲ್ಲಿ ಇಡೀ ಕಾಯಿ ಒಣಗಿಸಿ ಉಂಡೆ ಮಾಡುವವರು ಇದ್ದಾರೆ. ಕೋಳಿಕ್ಕೋಡಿನ ಮಾರುಕಟ್ಟೆ ದರಪಟ್ಟಿಯಲ್ಲಿ ‘ಉಂಡ’ ಎಂದೇ ಬೇರೆ ಸಾಲು ಇದೆ, ಹೆಸರು ಕೂಡ ನಮ್ಮದರ ಒಡಹುಟ್ಟು. ನಮ್ಮ ಗಾಳಿಯಿಲ್ಲದೆ ಆ ಕೆಲಸ ಸಾಧಿಸಿದವರ ಮುಂದೆ ತಾತ ಇದ್ದಿದ್ದರೆ ಕೈಮುಗಿಯುತ್ತಿದ್ದರು, ಆಮೇಲೆ ಒಂದು ಗಿಟುಕು ಒಡೆದು ಒಳಗಿನ ಬಿಳುಪು ನೋಡುತ್ತಿದ್ದರು.

ಮರ ಹತ್ತುವವರ ಮಾತೂ ಇದೆ. ಕೊಚ್ಚಿಯಲ್ಲಿರುವ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕ ಯುವತಿಯರಿಗೆ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಡುತ್ತಾ ಬಂದಿದೆ, ಇಲ್ಲಿ ಹೆಂಗಸರೂ ಹತ್ತುತ್ತಾರೆ. ನಮ್ಮ ಕಡೆ ಕೀಳುವವರು ಸಿಗದೆ ಕಾಯಿ ತಾನಾಗಿ ಬೀಳಲಿ ಅಂತ ಬಿಟ್ಟ ತೋಟಗಳು ಎಷ್ಟೋ. ಬಿದ್ದ ಕಾಯಿಯ ಬಿರುಕಿನ ಕಥೆ ಮೇಲೆ ಹೇಳಿಯಾಗಿದೆ.

ಕಡೆಯದಾಗಿ ಅಜ್ಜಿ. ಅಟ್ಟದ ಕೆಳಗಿನ ಒಲೆ ಯಾರದ್ದು? ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆಗೆ ಕಣ್ಣು ಒಡ್ಡಿ, ಬೆಂಕಿ ಹೆಚ್ಚಾಗದ ಹಾಗೆ ಆರದ ಹಾಗೆ ನೋಡಿಕೊಂಡವರು ಅಜ್ಜಿ. ಅಡುಗೆ ಮುಗಿದ ಮೇಲೂ ಆಷಾಢ ಶ್ರಾವಣದಲ್ಲಿ ಎರಡು ಮಟ್ಟೆ ತುರುಕಿ ಕಾವು ಉಳಿಸುತ್ತಿದ್ದರು. ಗಡಗಡ ಅಂದ ಕಾಯಿಗೆಲ್ಲ ತಾತನ ಹೆಸರು, ಆ ಕಾವಿಗೆ ಯಾರೂ ಹೆಸರಿಡಲಿಲ್ಲ. ತಾತನ ಮೇಲಿನ ಪ್ರೀತಿಯಲ್ಲಿ ಇದನ್ನು ಇಷ್ಟು ತಡವಾಗಿ ಬರೆಯುತ್ತಿರುವುದು ನನ್ನದೇ ತಪ್ಪು. ಚಿಪ್ಪು ಒಡೆಯಲು ಬರುತ್ತಿದ್ದ ಹೆಂಗಸರಿಗೆ ಸಿಗುತ್ತಿದ್ದ ಕೂಲಿಯೂ ಆ ನಾಜೂಕಿನ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ.

ತಾತ ಹೋದಾಗ ಅಟ್ಟದಲ್ಲಿ ಮೂರು ಖಾನೆ ತುಂಬಿತ್ತು. ಕಡೆಯದು ಮಾಘದ್ದು. ಅದನ್ನು ಇಳಿಸಿದ್ದು ಅವರ ತಿಥಿಗಳೆಲ್ಲ ಮುಗಿದ ಮೇಲೆ, ಕಾರ್ತಿಕದಲ್ಲಿ. ಕೊಳೆತದ್ದು ಕೈಬೆರಳಲ್ಲಿ ಎಣಿಸುವಷ್ಟು, ಹೋಳಾದದ್ದು ಅದಕ್ಕಿಂತ ಕಡಿಮೆ. ಈಗ ಚಿಕ್ಕಪ್ಪ ಅದೇ ಖಾನೆಗೆ ಈ ಸಲದ ಜ್ಯೇಷ್ಠದ ಕಾಯಿ ಸುರಿಸಿದ್ದಾರೆ. ತೊಲೆಯ ಮೇಲೆ ಮಾಘ ಅಂತ ತಾತನ ಅಕ್ಷರ ಹಾಗೇ ಇದೆ, ಒರೆಸಲು ಯಾರಿಗೂ ಮನಸ್ಸು ಬಂದಿಲ್ಲ. ಒರೆಸಲೇಬೇಕು. ಒರೆಸಿ ಜ್ಯೇಷ್ಠ ಅಂತ ಬರೆಯದಿದ್ದರೆ, ಅದನ್ನು ಓದಿದವರು ಮಾಘದ ಲೆಕ್ಕ ಹಿಡಿದು ಹತ್ತನೇ ತಿಂಗಳಿಗೇ ಇಳಿಸಿಬಿಡುತ್ತಾರೆ. ಅದು ಮಳೆ ಕುಡಿದ ಕಾಯಿ. ಆ ಹೊತ್ತಿಗೆ ನೀರು ಮುಗಿದಿರುತ್ತದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿರುವುದಿಲ್ಲ.